ಸೌಂಡ್‌ಬಾರ್ ಅಡ್ಡ ಬಂದು ರಿಮೋಟ್ ನಿಂತಾಗ ನಾವು ಪಟ್ಟ ಪಾಡು

ಟಿವಿ ರಿಮೋಟ್ ಕೆಲಸ ಮಾಡುತ್ತಿಲ್ಲವಾ? ಹೊಸ ರಿಮೋಟ್ ತರುವ ಮೊದಲು, ರಿಪೇರಿಯವರಿಗೆ ಫೋನ್ ಮಾಡುವ ಮೊದಲು, ರಿಮೋಟ್‌ನ ಸಿಗ್ನಲ್ ಹಿಡಿಯುವ ಟಿವಿಯ ಸೆನ್ಸರ್ ಮುಂದೆ ಏನಾದರೂ ಅಡ್ಡ ಇದೆಯಾ ಅಂತ ಒಮ್ಮೆ ನೋಡಿ. ನಾನು ಹೇಳಬೇಕಾಗಿರುವುದು ಮುಖ್ಯವಾಗಿ ಇದೇ. ಆದರೆ ಇದು ನಮಗೆ ಗೊತ್ತಾಗುವಷ್ಟರಲ್ಲಿ ಮಳೆಗಾಲದ ಮುಕ್ಕಾಲು ಭಾಗ ಕಳೆದಿತ್ತು. ದುಡ್ಡು ಹೋಯಿತು, ಅದಕ್ಕಿಂತ ಜಾಸ್ತಿ ಅಪ್ಪ ಅಮ್ಮನ ನೆಮ್ಮದಿ ಹೋಯಿತು. ಬೇರೆಯವರಿಗೆ ಹೀಗಾಗುವುದು ಬೇಡ ಅಂತ ಎಲ್ಲವನ್ನೂ ಮೊದಲಿಂದ ಬರೆಯುತ್ತಿದ್ದೇನೆ.

ನಮ್ಮ ಮನೆ ಕೊಡಗಿನ ಮೂರ್ನಾಡಿನಿಂದ ನಾಪೋಕ್ಲು ರಸ್ತೆಯಲ್ಲಿ ಸ್ವಲ್ಪ ಹೋಗಿ ತೋಟದ ಒಳಗೆ ಇಳಿದರೆ ಸಿಗುತ್ತದೆ. ಹಳೆಯ ಹೆಂಚಿನ ಮನೆ. ಟಿವಿ ಇರುವ ಕೋಣೆ ಮಾತ್ರ ಆಮೇಲೆ ಸೇರಿಸಿದ್ದು, ಅದಕ್ಕೆ ಶೀಟ್ ಹೊದಿಸಿದ್ದೇವೆ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಶೀಟಿನ ಕೆಳಗೆ ಕೂತವರಿಗೆ ಪಕ್ಕದಲ್ಲಿ ಕೂತವರ ಮಾತೇ ಕೇಳಿಸುವುದಿಲ್ಲ, ಇನ್ನು ಟಿವಿ ಎಲ್ಲಿಂದ ಕೇಳಿಸಬೇಕು? ಅಪ್ಪನಿಗೆ ಕಿವಿ ಬೇರೆ ಸ್ವಲ್ಪ ಮಂದ. ಸಂಜೆ ವಾರ್ತೆಯಲ್ಲಿ ಹಾರಂಗಿ ಅಣೆಕಟ್ಟಿಗೆ ಎಷ್ಟು ನೀರು ಬಂತು, ಭಾಗಮಂಡಲದಲ್ಲಿ ರಸ್ತೆ ಮುಳುಗಿತಾ, ನಾಳೆ ಶಾಲೆಗೆ ರಜೆ ಕೊಟ್ಟರಾ ಅನ್ನುವುದನ್ನು ಕೇಳದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಹಾಗಾಗಿ ಮಳೆಗಾಲಕ್ಕೆ ಮುಂಚೆಯೇ ಮೈಸೂರಿಗೆ ಹೋದಾಗ ಒಂದು ಸೌಂಡ್‌ಬಾರ್, ಅಂದರೆ ಟಿವಿಯ ಮುಂದೆ ಇಡುವ ಉದ್ದನೆಯ ಸ್ಪೀಕರ್ ತಂದೆ. ಟಿವಿ ಇರುವುದು ಅಜ್ಜನ ಕಾಲದ ಬೀಟೆ ಮರದ ತಗ್ಗು ಪೆಟ್ಟಿಗೆಯ ಮೇಲೆ. ಅದರ ಮುಂದೆ ಉಳಿದ ಜಾಗದಲ್ಲಿ ಸೌಂಡ್‌ಬಾರ್ ಸರಿಯಾಗಿ ಕೂತಿತು. ಅಲ್ಲೇ ಹೊರಗಿದ್ದ ಡಿಟಿಎಚ್ ಬಾಕ್ಸ್‌ಗೆ ಜಾಗ ಇಲ್ಲದ್ದರಿಂದ ಅದು ಕೆಳಗಿನ ಪೆಟ್ಟಿಗೆಯ ಒಳಗೆ ಹೋಯಿತು. ಶೀತಕ್ಕೆ ಬೂಷ್ಟು ಹಿಡಿಯುವ ಊರು ನಮ್ಮದು, ಹಲ್ಲಿ ಕಾಟವೂ ಇದೆ, ಅದಕ್ಕೆ ಪೆಟ್ಟಿಗೆಯ ಬಾಗಿಲು ಮುಚ್ಚಿಯೇ ಇರುತ್ತದೆ.

ಸದ್ದು ಚೆನ್ನಾಗಿ ಬಂತು. ಅಪ್ಪನಿಗೆ ಖುಷಿಯಾಯಿತು. ಆದರೆ ಆ ವಾರದಿಂದಲೇ ರಿಮೋಟ್ ತಕರಾರು ಶುರು.

ಪೂರ್ತಿ ನಿಂತುಬಿಟ್ಟಿದ್ದರೆ ಬೇಗ ಗೊತ್ತಾಗುತ್ತಿತ್ತೋ ಏನೋ. ಒಮ್ಮೆ ಕೆಲಸ ಮಾಡುತ್ತಿತ್ತು, ಒಮ್ಮೆ ಇಲ್ಲ. ಎಲ್ಲಕ್ಕಿಂತ ತಲೆ ಕೆಡಿಸಿದ್ದು ಏನೆಂದರೆ, ಜೋರು ಮಳೆ ಬರುವಾಗ ಟಿವಿ ರಿಮೋಟ್ ಎಷ್ಟೋ ಸಲ ಸರಿಯಾಗಿ ಕೆಲಸ ಮಾಡುತ್ತಿತ್ತು, ಬಿಸಿಲು ಬಂದರೆ ನಿಲ್ಲುತ್ತಿತ್ತು. ಮಳೆಗೆ ಡಿಟಿಎಚ್ ಸಿಗ್ನಲ್ ಹೋಗುವುದು ನಮಗೆ ಹೊಸದಲ್ಲ. ನಮ್ಮಲ್ಲಿ ಡಿಟಿಎಚ್ ಬರುವುದು ಕೆಯು ಬ್ಯಾಂಡ್ ಅನ್ನುವ ರೇಡಿಯೋ ಅಲೆಗಳಲ್ಲಿ, ಆ ಅಲೆಗಳನ್ನು ದಟ್ಟ ಮಳೆ ಹೀರಿಕೊಳ್ಳುತ್ತದೆ, ಚಿತ್ರ ಒಡೆದು ಆಮೇಲೆ ಸಿಗ್ನಲ್ ಇಲ್ಲ ಅಂತ ಬರುತ್ತದೆ. ಆದರೆ ಇದು ಅದರ ತದ್ವಿರುದ್ಧ. ಇವೆರಡನ್ನೂ ಸೇರಿಸಿಕೊಂಡು ಗೊಂದಲ ಮಾಡಿಕೊಳ್ಳಬೇಡಿ. ಟಿವಿಯ ಮೇಲೆ ಅಕ್ಷರದಲ್ಲಿ ಸಿಗ್ನಲ್ ಇಲ್ಲ ಅಂತ ಬಂದರೆ ಅದು ಡಿಟಿಎಚ್ ಡಿಶ್ ಛತ್ರಿಯ ವಿಷಯ, ರಿಮೋಟ್‌ದಲ್ಲ.

ಅಪ್ಪ ಒಂದು ದಿನ ಹೇಳಿದ ಮಾತು ನನಗೆ ಬಹಳ ನೋವು ಕೊಟ್ಟಿತು. "ನನ್ನ ಬೆರಳಲ್ಲಿ ಶಕ್ತಿ ಇಲ್ಲ ಅಂತ ಕಾಣುತ್ತೆ, ನೀನೇ ಒತ್ತು" ಅಂದರು. ದಿನವೂ ಬಟನ್ ಅದುಮಿ ಅದುಮಿ ಅವರಿಗೆ ಹಾಗೇ ಅನ್ನಿಸಿತ್ತು. ಅಮ್ಮ ಮಂಡಿ ನೋವು ಇಟ್ಟುಕೊಂಡು ಚಾನೆಲ್ ಬದಲಿಸಲು ಪ್ರತಿ ಸಲ ಎದ್ದು ಪೆಟ್ಟಿಗೆ ಬಾಗಿಲು ತೆಗೆದು ಬಾಕ್ಸ್‌ನ ಬಟನ್ ಒತ್ತುತ್ತಿದ್ದರು. ಕೊನೆಗೆ ಇಬ್ಬರೂ ಟಿವಿ ಹಾಕುವುದನ್ನೇ ಕಡಿಮೆ ಮಾಡಿದರು. ಮನೆಯಲ್ಲಿ ವಯಸ್ಸಾದವರು ಇದ್ದರೆ ಇಂಥ ತೊಂದರೆಯನ್ನು ಸಣ್ಣದು ಅಂತ ಬಿಡಬೇಡಿ. ಅವರು ಯಂತ್ರವನ್ನು ದೂರುವುದಿಲ್ಲ, ತಮಗೇ ಏನೋ ಆಗಿದೆ ಅಂದುಕೊಳ್ಳುತ್ತಾರೆ.

ಮೊದಲು ಬ್ಯಾಟರಿ ಬದಲಿಸಿದೆವು. ಎಲ್ಲರೂ ಮಾಡುವುದು ಅದನ್ನೇ ಅಲ್ವಾ? ನಮ್ಮ ಕಡೆ ಮಳೆಗಾಲದಲ್ಲಿ ಬ್ಯಾಟರಿ ಕೂರುವ ಸ್ಪ್ರಿಂಗ್‌ಗೆ ತುಕ್ಕು ಹಿಡಿಯುವುದೂ ಉಂಟು, ಒಣ ಬಟ್ಟೆಯಲ್ಲಿ ಉಜ್ಜಿದರೆ ಸರಿಯಾಗುತ್ತದೆ. ಅದನ್ನೂ ಮಾಡಿದ್ದಾಯಿತು. ಬದಲಾವಣೆ ಇಲ್ಲ. ಪೇಟೆಯ ಅಂಗಡಿಯವರು ರಿಮೋಟ್ ಹೋಗಿದೆ ಅಂತ ಹೇಳಿ 300 ರೂಪಾಯಿಗೆ ಹೊಸದೊಂದು ಕೊಟ್ಟರು. ಅದೂ ಹಾಗೇ.

ಆಮೇಲೆ ಟಿವಿ ಕಂಪನಿಯ ಸಹಾಯವಾಣಿ. ನಮ್ಮಲ್ಲಿ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗುವುದು ಅಂಗಳದ ಮೂಲೆಯಲ್ಲಿ, ಕಣದ ಹತ್ತಿರ. ಕೊಡೆ ಹಿಡಿದು ನಿಂತು ಮಾಡೆಲ್ ನಂಬರ್, ಸೀರಿಯಲ್ ನಂಬರ್, ಬಿಲ್ಲಿನ ತಾರೀಕು ಎಲ್ಲ ಹೇಳಬೇಕಾಯಿತು. ಇಲ್ಲೊಂದು ಉಪಯೋಗದ ಮಾತು: ಸೀರಿಯಲ್ ನಂಬರ್ ಟಿವಿಯ ಹಿಂಭಾಗದ ಸ್ಟಿಕರ್‌ನಲ್ಲಿ ಇರುತ್ತದೆ, ಕರೆ ಮಾಡುವ ಮೊದಲೇ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಬಿಲ್ಲಿನದೂ ತೆಗೆದಿಡಿ, ಥರ್ಮಲ್ ಪೇಪರಿನ ಬಿಲ್ಲಾದರೆ ಅಕ್ಷರ ಮಾಸಿಹೋಗುತ್ತದೆ. ನಮ್ಮ ವಾರಂಟಿ ಮುಗಿದಿತ್ತು. ಹಾಗಾಗಿ ಮನೆಗೆ ಬಂದು ನೋಡುವುದಕ್ಕೆ 500 ರೂಪಾಯಿ, ಏನಾದರೂ ಬದಲಿಸಿದರೆ ಅದು ಬೇರೆ ಅಂದರು. ದೂರು ಸಂಖ್ಯೆಯ ಮೆಸೇಜ್ ಬಂತು. ಜನ ಬರಲಿಲ್ಲ. ಒಮ್ಮೆ ದಾರಿಯಲ್ಲಿ ಮರ ಬಿದ್ದಿದೆ ಅಂದರು, ಅದು ನಿಜವೂ ಆಗಿತ್ತು. ಮತ್ತೊಮ್ಮೆ ನಮ್ಮ ಕಡೆ ಕರೆಂಟ್ ಇರಲಿಲ್ಲ, ಇನ್ವರ್ಟರ್ ಕೂಡ ಖಾಲಿಯಾಗಿತ್ತು, ಬಂದರೂ ನೋಡಲು ಆಗುತ್ತಿರಲಿಲ್ಲ. ಕಾಯುವುದು ಬಿಟ್ಟರೆ ದಾರಿ ಇರಲಿಲ್ಲ.

ಅಂತೂ ಒಬ್ಬ ಹುಡುಗ ಬೈಕಿನಲ್ಲಿ ನೆನೆದುಕೊಂಡು ಬಂದ. ಟಿವಿ ಪಕ್ಕ ನಿಂತುಕೊಂಡು ರಿಮೋಟ್ ಒತ್ತಿದ. ಟಿವಿ ಆನ್ ಆಯಿತು. ಸದ್ದು ಏರಿತು, ಇಳಿಯಿತು. "ಏನೂ ತೊಂದರೆ ಇಲ್ವಲ್ಲ ಸಾರ್" ಅಂತ ಹೇಳಿ, ತೊಂದರೆ ಪುನಃ ಬಂದರೆ ಸೆನ್ಸರ್ ಬೋರ್ಡ್ ಬದಲಿಸಬೇಕಾಗಬಹುದು, 1,800 ರೂಪಾಯಿವರೆಗೆ ಆಗುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟು ಹೋದ. ಅವನು ಗೇಟು ದಾಟುವಷ್ಟರಲ್ಲಿ ಅಪ್ಪ ಕುರ್ಚಿಯಲ್ಲಿ ಕೂತು ರಿಮೋಟ್ ಒತ್ತಿದರು. ಏನೂ ಆಗಲಿಲ್ಲ.

ನಿಂತರೆ ಆಗುತ್ತದೆ, ಕೂತರೆ ಆಗುವುದಿಲ್ಲ. ಇಲ್ಲಿಂದಲೇ ದಾರಿ ಕಂಡಿತು.

ರಿಮೋಟ್‌ನ ಮೂತಿಯಲ್ಲಿ ಒಂದು ಸಣ್ಣ ಎಲ್‌ಇಡಿ ಇರುತ್ತದೆ. ಅದು ಬಿಡುವುದು ಇನ್‌ಫ್ರಾರೆಡ್ ಬೆಳಕು. ಸಾಮಾನ್ಯವಾಗಿ 940 ನ್ಯಾನೊಮೀಟರ್ ಆಸುಪಾಸಿನದ್ದು, ನಮ್ಮ ಕಣ್ಣಿಗೆ ಕಾಣುವುದಿಲ್ಲ. ಕಾಣದಿದ್ದರೂ ಅದು ಬೆಳಕೇ. ಮರ, ಗೋಡೆ, ದಪ್ಪ ಪ್ಲಾಸ್ಟಿಕ್ ಅಡ್ಡ ಬಂದರೆ ನಿಲ್ಲುತ್ತದೆ. ರೇಡಿಯೋ ಅಲೆಯ ಹಾಗೆ ಬಾಗಿಲು ದಾಟಿ ಹೋಗುವುದಿಲ್ಲ. ಹೆಚ್ಚಿನ ರಿಮೋಟ್‌ಗಳು ಈ ಬೆಳಕನ್ನು ಸೆಕೆಂಡಿಗೆ ಸುಮಾರು 38,000 ಸಲ ಮಿನುಗಿಸುತ್ತವೆ. ಟಿವಿಯೊಳಗಿನ ಸೆನ್ಸರ್ ಆ ವೇಗದಲ್ಲಿ ಮಿನುಗುವ ಬೆಳಕನ್ನು ಮಾತ್ರ ಆರಿಸಿಕೊಂಡು ಬಲ್ಬು, ಬಿಸಿಲು ಮುಂತಾದ ಬೇರೆ ಬೆಳಕನ್ನು ಬಿಟ್ಟುಬಿಡಲು ನೋಡುತ್ತದೆ. ಆದರೆ ನೇರ ಬಿಸಿಲು ಸೆನ್ಸರ್ ಮೇಲೆ ಬಿದ್ದರೆ ಅದಕ್ಕೂ ಕಷ್ಟ.

ರಿಮೋಟ್ ಬೆಳಕು ಬಿಡುತ್ತಿದೆಯಾ ಅಂತ ಮನೆಯಲ್ಲೇ ನೋಡಬಹುದು, ಒಂದು ಪೈಸೆ ಖರ್ಚಿಲ್ಲ. ಮೊಬೈಲ್ ಕ್ಯಾಮೆರಾ ತೆರೆದು, ರಿಮೋಟ್‌ನ ಮೂತಿಯನ್ನು ಕ್ಯಾಮೆರಾ ಕಡೆ ತಿರುಗಿಸಿ ಯಾವುದಾದರೂ ಬಟನ್ ಒತ್ತಿ. ಪರದೆಯಲ್ಲಿ ನೇರಳೆ ಅಥವಾ ಬಿಳಿ ಬಣ್ಣದ ಚುಕ್ಕಿ ಮಿನುಗಿದರೆ ರಿಮೋಟ್ ಬದುಕಿದೆ. ಸೆಲ್ಫಿ ಕ್ಯಾಮೆರಾದಲ್ಲೇ ನೋಡಿ, ಯಾಕೆಂದರೆ ಅನೇಕ ಫೋನ್‌ಗಳ ಹಿಂದಿನ ಕ್ಯಾಮೆರಾಕ್ಕೆ ಈ ಬೆಳಕನ್ನು ತಡೆಯುವ ಫಿಲ್ಟರ್ ಬಲವಾಗಿರುತ್ತದೆ. ನಮ್ಮ ಹಳೆ ರಿಮೋಟ್, ಹೊಸ ರಿಮೋಟ್, ಡಿಟಿಎಚ್ ರಿಮೋಟ್ ಮೂರೂ ಚೆನ್ನಾಗಿ ಮಿನುಗಿದವು. ಅಪ್ಪನ ಕೈಗೆ ಕೊಟ್ಟು ಅವರ ಬೆರಳಲ್ಲೇ ಒತ್ತಿಸಿ ತೋರಿಸಿದೆ. ಚುಕ್ಕಿ ಕಂಡಾಗ ಅವರ ಮುಖ ನೋಡಬೇಕಿತ್ತು. ಪುನಃ ಪುನಃ ಒತ್ತಿ ನೋಡಿದರು.

ಇನ್ನು ಸೆನ್ಸರ್ ಎಲ್ಲಿದೆ ಅಂತ ಹುಡುಕಬೇಕು. ಟಿವಿಯ ಪುಸ್ತಕದಲ್ಲಿ ಚಿತ್ರ ಇರುತ್ತದೆ. ಇಲ್ಲದಿದ್ದರೆ ಟಿವಿಯ ಕೆಳಗಿನ ಅಂಚಿಗೆ ಟಾರ್ಚ್ ಬಿಟ್ಟು ನೋಡಿ, ಬ್ರ್ಯಾಂಡ್ ಹೆಸರಿನ ಹತ್ತಿರ ಅಥವಾ ಬಲ ಮೂಲೆಯಲ್ಲಿ ಕಪ್ಪಗೆ ಹೊಳೆಯುವ ಸಣ್ಣ ಕಿಂಡಿ ಕಾಣಬಹುದು. ಅಲ್ಲೂ ಕಾಣದಿದ್ದರೆ ರಿಮೋಟ್‌ನ ಮೂತಿಗೆ ಸುರುಳಿ ಸುತ್ತಿದ ಕಪ್ಪು ಕಾಗದದ ಕೊಳವೆ ಹಾಕಿ, ಟಿವಿಯ ಅಂಚಿನ ಉದ್ದಕ್ಕೂ ಹತ್ತಿರದಿಂದ ಸರಿಸುತ್ತಾ ಒತ್ತಿ. ಎಲ್ಲಿ ಟಿವಿ ಸ್ಪಂದಿಸುತ್ತದೋ ಅಲ್ಲಿದೆ. ನಮ್ಮದು ಕೆಳಗಿನ ಅಂಚಿನಲ್ಲಿ, ಸೌಂಡ್‌ಬಾರ್‌ನ ಸರಿಯಾಗಿ ಹಿಂದೆ.

ಮಳೆ ಬಿಸಿಲಿನ ಒಗಟೂ ಆಗಲೇ ಬಿಡಿಸಿತು. ಟಿವಿಯ ಎದುರಿಗೆ ದೊಡ್ಡ ಕಿಟಕಿ ಇದೆ. ಜೋರು ಮಳೆಗೆ ಎರಚಲು ಬರುತ್ತದೆ ಅಂತ ಅಮ್ಮ ಅದರ ಮರದ ಬಾಗಿಲು ಮುಚ್ಚುತ್ತಾರೆ. ಬಾಗಿಲಿಗೆ ಬಿಳಿ ಬಣ್ಣ. ಮುಚ್ಚಿದಾಗ ರಿಮೋಟ್‌ನ ಬೆಳಕು ಕೋಣೆಯೊಳಗೆ ಅಲ್ಲಿ ಇಲ್ಲಿ ಬಡಿದು ಮೇಲಿನಿಂದ ಸೌಂಡ್‌ಬಾರ್ ದಾಟಿ ಸೆನ್ಸರ್ ಮುಟ್ಟುತ್ತಿತ್ತು. ತೆರೆದಾಗ ಆ ಬೆಳಕೆಲ್ಲ ಹೊರಗೆ ಹೋಗುತ್ತಿತ್ತು, ಜೊತೆಗೆ ಬಿಸಿಲು ನೇರ ಟಿವಿ ಮೇಲೆ ಬೀಳುತ್ತಿತ್ತು. ಬಿಸಿಲಿಗೂ ರಿಮೋಟ್‌ಗೂ ಇರುವ ಜಗಳ ಇಂದಿನದಲ್ಲ. 1955ರಲ್ಲಿ ಅಮೆರಿಕದ ಜೆನಿತ್ ಕಂಪನಿ ತಂದ ಫ್ಲ್ಯಾಶ್-ಮ್ಯಾಟಿಕ್ ಅನ್ನುವ ರಿಮೋಟ್ ಕಣ್ಣಿಗೆ ಕಾಣುವ ಬೆಳಕಿನಿಂದಲೇ ಕೆಲಸ ಮಾಡುತ್ತಿತ್ತು, ಬಿಸಿಲು ಬಿದ್ದರೆ ಟಿವಿ ತಾನಾಗಿಯೇ ಚಾನೆಲ್ ಬದಲಿಸುವುದೂ ಆಗುತ್ತಿತ್ತಂತೆ. ಮರುವರ್ಷವೇ ಅವರು ಶಬ್ದದ ಅಲೆ ಬಳಸುವ ರಿಮೋಟ್ ತಂದರು.

ತಕ್ಷಣಕ್ಕೆ ಏನೂ ಮಾಡಲು ಆಗದಿದ್ದರೆ ಈ ಬಡಿದು ಬರುವ ಬೆಳಕನ್ನೇ ಬಳಸಿಕೊಳ್ಳಿ. ರಿಮೋಟನ್ನು ಟಿವಿ ಕಡೆ ಹಿಡಿಯುವ ಬದಲು ಟಿವಿಯ ಮೇಲಿನ ಗೋಡೆಗೋ, ಬಿಳಿ ಸೀಲಿಂಗ್‌ಗೋ, ಬೆನ್ನ ಹಿಂದಿನ ಗೋಡೆಗೋ ಹಿಡಿದು ಒತ್ತಿ ನೋಡಿ. ನಮ್ಮ ಕೋಣೆಯಲ್ಲಿ ಕಿಟಕಿಯ ಬಾಗಿಲು ಮುಚ್ಚಿದಾಗ ಇದು ಎಷ್ಟೋ ಸಲ ಕೆಲಸ ಮಾಡಿತು. ಆದರೆ ವಯಸ್ಸಾದವರಿಗೆ ಟಿವಿ ಬಿಟ್ಟು ಗೋಡೆಗೆ ಒತ್ತಿ ಅಂದರೆ ಅಭ್ಯಾಸ ಆಗುವುದಿಲ್ಲ.

ಟಿವಿಯನ್ನು ಗೋಡೆಗೆ ಹಾಕಿಸೋಣ ಅಂತ ಮೊದಲು ಅಂದುಕೊಂಡೆ. ಅದು ಹಳೆ ಮನೆಯ ಕಡೆಯ ಮಣ್ಣಿನ ಗೋಡೆ. ಡ್ರಿಲ್ ಹಾಕಿದರೆ ಹುಡಿ ಉದುರುತ್ತದೆ, ಆಣಿ ನಿಲ್ಲುವುದಿಲ್ಲ. ನಮ್ಮ ಕಡೆಯ ಹಳೆ ಮನೆಗಳವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ, ಟಿವಿ ಬಿದ್ದರೆ ರಿಮೋಟ್ ಚಿಂತೆಯೇ ಇರುವುದಿಲ್ಲ. ಸೌಂಡ್‌ಬಾರನ್ನು ಬೇರೆ ಕಡೆ ಇಡೋಣ ಅಂದರೆ ಜಾಗ ಇಲ್ಲ. ಕೆಲವು ಸೌಂಡ್‌ಬಾರ್‌ಗಳ ಬೆನ್ನಲ್ಲೇ ರಿಮೋಟ್ ಬೆಳಕನ್ನು ಹಿಡಿದು ಹಿಂದೆ ದಾಟಿಸುವ ವ್ಯವಸ್ಥೆ ಇರುತ್ತದೆ, ಕೊಳ್ಳುವಾಗ ಕೇಳಿ. ನಮ್ಮದರಲ್ಲಿ ಇರಲಿಲ್ಲ.

ಕೊನೆಗೆ ಊರಿನ ಬಡಗಿಯವರಿಗೆ ಹೇಳಿ ಉಳಿದ ಹಲಸಿನ ಮರದಲ್ಲಿ ಟಿವಿಯ ಎರಡು ಕಾಲಿಗೂ ಉದ್ದನೆಯ ದಿಮ್ಮಿ ಮಾಡಿಸಿದೆ. ಕಾಲು ಜಾರದ ಹಾಗೆ ಮೇಲೆ ಸಣ್ಣ ಗುಳಿ ಕೊರೆದುಕೊಟ್ಟರು. ಸೆನ್ಸರ್ ಈಗ ಸೌಂಡ್‌ಬಾರ್‌ಗಿಂತ ಮೇಲೆ ಬಂತು. ಅಳತೆ ತೆಗೆಯುವಾಗ ಸೌಂಡ್‌ಬಾರ್‌ನ ಎತ್ತರ ಮಾತ್ರ ನೋಡಿದರೆ ಸಾಲದು. ಮನೆಯವರು ಕೂರುವ ಕುರ್ಚಿಯಲ್ಲಿ ಕೂತು, ಕೈ ತೊಡೆಯ ಮೇಲೆ ಇಟ್ಟಾಗ ರಿಮೋಟ್ ಎಲ್ಲಿರುತ್ತದೋ ಅಲ್ಲಿಂದ ಸೆನ್ಸರ್ ಕಾಣಬೇಕು. ಟಿವಿ ಎತ್ತರ ಮಾಡಿದ ಮೇಲೆ ಹಿಂದಿನಿಂದ ಒಂದು ಪಟ್ಟಿ ಹಾಕಿ ಪೆಟ್ಟಿಗೆಗೆ ಬಿಗಿಯಿರಿ, ಮಕ್ಕಳು ಓಡಾಡುವ ಮನೆಯಾದರಂತೂ ಬಿಡಲೇಬೇಡಿ. ಮರ ನಮ್ಮದೇ, ಕೂಲಿ 400 ರೂಪಾಯಿ. ಟಿವಿ ರಿಮೋಟ್ ಅಂದಿನಿಂದ ಒಂದು ಸಲವೂ ತಪ್ಪಿಲ್ಲ.

ಉಳಿದದ್ದು ಮುಚ್ಚಿದ ಪೆಟ್ಟಿಗೆಯೊಳಗಿನ ಡಿಟಿಎಚ್ ಬಾಕ್ಸ್. ಇದೇ ಕಷ್ಟದ ಭಾಗ.

ಬಾಗಿಲಿಗೆ ಗಾಜು ಹಾಕಿಸಿ ಅಂತ ಕೆಲವರು ಹೇಳಿದರು. ಸಾಮಾನ್ಯ ಗಾಜಿನಲ್ಲಿ ಈ ಬೆಳಕು ದಾಟುತ್ತದೆ, ನಿಜ. ಕಣ್ಣಿಗೆ ಕಪ್ಪಗೆ ಕಾಣುವ ಕೆಲವು ಅಕ್ರಿಲಿಕ್ ಹಾಳೆಗಳಲ್ಲೂ ದಾಟುತ್ತದೆ, ಎಲ್ಲದರಲ್ಲೂ ಅಲ್ಲ. ಅಂಗಡಿಗೆ ರಿಮೋಟ್ ತೆಗೆದುಕೊಂಡು ಹೋಗಿ, ಹಾಳೆಯ ಹಿಂದಿನಿಂದ ಒತ್ತಿ ಮೊಬೈಲ್ ಕ್ಯಾಮೆರಾದಲ್ಲಿ ಚುಕ್ಕಿ ಕಾಣುತ್ತದಾ ಅಂತ ನೋಡಿಯೇ ಕೊಳ್ಳಿ. ಆದರೆ ನಮ್ಮ ಪೆಟ್ಟಿಗೆಯ ಬಾಗಿಲು ಅಜ್ಜ ಕೆತ್ತಿಸಿದ್ದು. ಅದನ್ನು ಕೊಯ್ಯುವ ಮಾತು ಎತ್ತಿದಾಗ ಅಪ್ಪ ಏನೂ ಹೇಳಲಿಲ್ಲ, ಸುಮ್ನೆ ಎದ್ದು ಹೋದರು. ನನಗೂ ಮನಸ್ಸಿರಲಿಲ್ಲ.

ಎಚ್‌ಡಿಎಂಐ ಸಿಇಸಿ ಅಂತ ಒಂದು ದಾರಿ ಇದೆ. ಎಚ್‌ಡಿಎಂಐ ವೈರಿನ ಮೂಲಕ ಟಿವಿಯ ರಿಮೋಟಿನಿಂದಲೇ ಜೋಡಿಸಿದ ಬೇರೆ ಸಾಧನವನ್ನೂ ನಡೆಸುವ ವ್ಯವಸ್ಥೆ. ಸ್ಯಾಮ್‌ಸಂಗ್ ಇದನ್ನು ಎನಿನೆಟ್ ಪ್ಲಸ್ ಅನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್, ಸೋನಿ ಬ್ರಾವಿಯಾ ಸಿಂಕ್. ಸೆಟ್ಟಿಂಗ್‌ನಲ್ಲಿ ಹುಡುಕಿ ಆನ್ ಮಾಡಿ. ಇದರಿಂದ ಸೌಂಡ್‌ಬಾರ್‌ನ ಸದ್ದು ಟಿವಿ ರಿಮೋಟ್‌ಗೇ ಬಂತು, ಅಪ್ಪನಿಗೆ ಒಂದು ರಿಮೋಟ್ ಕಡಿಮೆಯಾಯಿತು. ನಮ್ಮ ಡಿಟಿಎಚ್ ಬಾಕ್ಸ್ ಮಾತ್ರ ಇದಕ್ಕೆ ಒಗ್ಗಲಿಲ್ಲ. ನಿಮ್ಮದು ಒಗ್ಗಿದರೆ ಇಲ್ಲಿಗೇ ನಿಲ್ಲಿಸಿ, ಮುಂದಿನ ಖರ್ಚು ಬೇಡ. ಹಾಗೇ, ಬ್ಲೂಟೂತ್ ರಿಮೋಟ್ ಬರುವ ಬಾಕ್ಸ್ ಅಥವಾ ಸ್ಮಾರ್ಟ್ ಟಿವಿ ಇದ್ದವರು ಅದನ್ನು ಒಮ್ಮೆ ಜೋಡಿಸಿಕೊಂಡರೆ ಅಡ್ಡ ಇದ್ದರೂ ನಡೆಯುತ್ತದೆ. ಅಂಥ ಅನೇಕ ರಿಮೋಟ್‌ಗಳಲ್ಲಿ ಆನ್ ಆಫ್ ಬಟನ್ ಮಾತ್ರ ಹಳೆ ಇನ್‌ಫ್ರಾರೆಡ್‌ನಲ್ಲೇ ಇರುತ್ತದೆ, ಅದು ನೆನಪಿರಲಿ.

ನಮಗೆ ಉಳಿದದ್ದು ಐಆರ್ (ಇನ್‌ಫ್ರಾರೆಡ್) ರಿಪೀಟರ್ ಕಿಟ್. ಒಂದು ಸಣ್ಣ ಕಣ್ಣು ಹೊರಗೆ ಇರುತ್ತದೆ, ಅದು ರಿಮೋಟ್‌ನ ಬೆಳಕು ಹಿಡಿಯುತ್ತದೆ. ವೈರಿನ ಮೂಲಕ ಒಳಗೆ ಬಂದು, ಕೊನೆಯಲ್ಲಿರುವ ಪುಟ್ಟ ಎಲ್‌ಇಡಿ ತಲೆ ಅದೇ ಬೆಳಕನ್ನು ಬಾಕ್ಸ್‌ನ ಸೆನ್ಸರ್‌ಗೆ ಪುನಃ ಬಿಡುತ್ತದೆ. ಮಧ್ಯೆ ದೂತನ ಕೆಲಸ, ಅಷ್ಟೇ. ಮಡಿಕೇರಿಯಲ್ಲಿ ನಾನು ಕೇಳಿದ ಅಂಗಡಿಗಳಲ್ಲಿ ಸಿಗಲಿಲ್ಲ, ಆನ್‌ಲೈನ್‌ನಲ್ಲಿ 1,100 ರೂಪಾಯಿಗೆ ತರಿಸಿದೆ. ಕೊಳ್ಳುವ ಮೊದಲು ಎಷ್ಟು ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ ಎಷ್ಟು ಸಾವಿರ ಸಲ ಮಿನುಗುವ ಬೆಳಕನ್ನು ಹಿಡಿಯುತ್ತದೆ ಅಂತ ನೋಡಿ. 38 ಸಾಮಾನ್ಯ, ಆದರೆ 36, 40, 56ರಲ್ಲಿ ನಡೆಯುವ ರಿಮೋಟ್‌ಗಳೂ ಇವೆ.

ಪಾರ್ಸೆಲ್ ಕಥೆ ತೋಟದ ಮನೆಯವರಿಗೆಲ್ಲ ಗೊತ್ತಿರುವುದೇ. ಮಳೆಯಲ್ಲಿ ತಡವಾಯಿತು. ಆಮೇಲೆ ವಿಳಾಸ ಸಿಗಲಿಲ್ಲ ಅಂತ ಮೆಸೇಜ್. ಫೋನ್ ಮಾಡಿ, ವಾಪಸ್ ಕಳಿಸಬೇಡಿ ಅಂತ ಕೇಳಿಕೊಂಡು, ಪೇಟೆಗೆ ಹೋಗಿ ಓಟಿಪಿ ಕೊಟ್ಟು ತೆಗೆದುಕೊಂಡೆ. ನಿಮ್ಮ ಮನೆಯೂ ಒಳಗಿದ್ದರೆ ಪೇಟೆಯಲ್ಲಿ ಗುರುತಿನವರ ಅಂಗಡಿಯ ವಿಳಾಸ ಕೊಡಿ.

ಜೋಡಿಸಿದೆ, ಕೆಲಸ ಮಾಡಲಿಲ್ಲ. ಕಿಟ್‌ನ ಕೆಂಪು ದೀಪ ಯಾರೂ ಏನೂ ಒತ್ತದೆ ಇದ್ದರೂ ಮಿನುಗುತ್ತಲೇ ಇತ್ತು. ಕೆಟ್ಟ ಮಾಲು ಬಂತು ಅಂತ ಬೇಜಾರಾಯಿತು, ವಾಪಸ್ ಮಾಡುವ ಯೋಚನೆಯೂ ಬಂತು. ಕಾರಣ ಬೇರೆ ಇತ್ತು. ಹೊರಗಿನ ಕಣ್ಣು ಬಾಗಿಲಿನ ಸಂದಿಯ ಹತ್ತಿರವೇ ಇತ್ತು. ಒಳಗಿನ ತಲೆ ಬಿಡುವ ಬೆಳಕು ಸಂದಿಯಿಂದ ಸೋರಿ ಅದೇ ಕಣ್ಣಿಗೆ ಬೀಳುತ್ತಿತ್ತು, ಕಣ್ಣು ಅದನ್ನು ಹೊಸ ಆಜ್ಞೆ ಅಂತ ಪುನಃ ಒಳಗೆ ಕಳಿಸುತ್ತಿತ್ತು. ಸುತ್ತಿ ಸುತ್ತಿ ಅದೇ. ಕಣ್ಣನ್ನು ಟಿವಿಯ ಮೇಲಿನ ಅಂಚಿಗೆ ಅಂಟಿಸಿ, ಒಳಗಿನ ತಲೆಯ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ಮುಚ್ಚಳ ಮಾಡಿದ ಮೇಲೆ ನಿಂತಿತು. ಕಿಟಕಿಯ ಬಿಸಿಲು ನೇರ ಕಣ್ಣಿಗೆ ಬಿದ್ದರೂ ಹೀಗೇ ಸುಮ್ಮನೆ ಮಿನುಗುತ್ತದೆ, ಕಣ್ಣನ್ನು ಸ್ವಲ್ಪ ಓರೆ ಮಾಡಿ.

ಇನ್ನೊಂದು ತೊಡಕು ಮರುದಿನ ಬೆಳಿಗ್ಗೆ ಬಂತು. ಕಿಟ್‌ಗೆ ಯುಎಸ್‌ಬಿಯ 5 ವೋಲ್ಟ್ ಬೇಕು. ಟಿವಿಯ ಯುಎಸ್‌ಬಿಗೆ ಹಾಕಿದ್ದೆ. ನಮ್ಮ ಟಿವಿ ಆಫ್ ಮಾಡಿದರೆ ಯುಎಸ್‌ಬಿಗೂ ಕರೆಂಟ್ ನಿಲ್ಲುತ್ತದೆ, ಹಾಗಾಗಿ ಟಿವಿ ಹಾಕುವವರೆಗೆ ಬಾಕ್ಸ್ ಆನ್ ಆಗುವುದಿಲ್ಲ. ಅಮ್ಮ ಮೊದಲು ಬಾಕ್ಸ್ ಹಾಕುವವರು, ಗಾಬರಿಯಾದರು. ಹಳೆಯ ಮೊಬೈಲ್ ಚಾರ್ಜರ್‌ಗೆ ಬದಲಿಸಿದೆ. ಇನ್ವರ್ಟರ್ ಇರುವವರು ಆ ಚಾರ್ಜರ್, ಬಾಕ್ಸ್, ಟಿವಿ ಎಲ್ಲವನ್ನೂ ಇನ್ವರ್ಟರ್ ಸಾಲಿನ ಪ್ಲಗ್‌ಗೇ ಹಾಕಿ. ನಮ್ಮಲ್ಲಿ ಕರೆಂಟ್ ಹೋದಾಗ ಟಿವಿ ನಡೆಯುತ್ತಿತ್ತು, ಕಿಟ್ ಮಾತ್ರ ಸತ್ತಿರುತ್ತಿತ್ತು.

ಪೆಟ್ಟಿಗೆಯೊಳಗೆ ಬಾಕ್ಸ್ ಬಿಸಿಯಾಗುತ್ತದೆ, ಹಿಂಭಾಗದ ಹಲಗೆಯಲ್ಲಿ ಗಾಳಿಗೆ ಕಿಂಡಿ ಇರಲಿ. ವೈರ್ ಹಾಯಿಸಲೂ ಅದೇ ಕಿಂಡಿ ಸಾಕು.

ಕೈಲ್ ಮುಹೂರ್ತ ಹಬ್ಬಕ್ಕೆ ನೆಂಟರು ಬರುವ ಹೊತ್ತಿಗೆ ಎಲ್ಲ ಸರಿಯಾಗಿತ್ತು. ಅಪ್ಪ ತಮ್ಮ ಕುರ್ಚಿಯಲ್ಲೇ ಕೂತು ಚಾನೆಲ್ ಬದಲಿಸಿ, ಬಂದವರಿಗೆಲ್ಲ ಮೊಬೈಲ್‌ನಲ್ಲಿ ಆ ಚುಕ್ಕಿ ಕಾಣಿಸುವುದನ್ನು ತೋರಿಸಿದರು. ಒಟ್ಟು ಖರ್ಚು 2,300 ರೂಪಾಯಿ. ಇದರಲ್ಲಿ ನಿಜವಾಗಿ ಬೇಕಾಗಿದ್ದು ಬಡಗಿಯ ಕೂಲಿ ಮತ್ತು ಕಿಟ್ ಸೇರಿ 1,500 ಮಾತ್ರ. ಸೆನ್ಸರ್ ಬೋರ್ಡ್‌ನ ಚೀಟಿ ಹಾಗೇ ಇದೆ, ಅದರ ಅಗತ್ಯವೇ ಬರಲಿಲ್ಲ.

ಈಗಲೂ ಗಮನ ಇಡಬೇಕಾದ್ದು ಎರಡು ವಿಷಯ. ಒಳಗಿನ ತಲೆಯ ಅಂಟು ನಮ್ಮ ಶೀತಕ್ಕೆ ಬಿಟ್ಟುಕೊಳ್ಳುತ್ತದೆ. ರಿಮೋಟ್ ಪುನಃ ನಿಂತರೆ ಮೊದಲು ಪೆಟ್ಟಿಗೆ ತೆಗೆದು ತಲೆ ಸೆನ್ಸರ್ ಮೇಲೆಯೇ ಇದೆಯಾ ನೋಡಿ, ಒಣ ಬಟ್ಟೆಯಲ್ಲಿ ಒರೆಸಿ ಪುನಃ ಅಂಟಿಸಿ. ಇನ್ನೊಂದು ಇಲಿ. ಆ ವೈರ್ ಬಹಳ ಸಪೂರ. ಪೆಟ್ಟಿಗೆಯ ಹಿಂದೆ ಹಾಯುವ ಭಾಗವನ್ನು ಕರೆಂಟಿನ ವೈರಿಂಗ್‌ಗೆ ಬಳಸುವ ಪಿವಿಸಿ ಪೈಪಿನೊಳಗೆ ಹಾಕಿಸಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ.